ಒಂದೂಮುಕ್ಕಾಲು ಪಟ್ಟು

ತೊಂಗ್‌ಯಂಗ್ ಬಂದರಿನ ಎದುರು, ಸಿಂಪಿ ಸುಲಿಯುವ ಹೆಂಗಸರ
ಶೆಡ್ಡು ದಾಟಿದರೆ ಮೂರನೆಯ ಬಾಗಿಲು ನಮ್ಮದು.
ಹನ್ನೊಂದು ವರ್ಷದಿಂದ ಇಲ್ಲಿ ಫೋನು ಮಾರುತ್ತೇನೆ.
ಒಂದೂಮುಕ್ಕಾಲು ಪಟ್ಟು ಹೆಚ್ಚು ಚುಕ್ಕಿ, ಅನ್ನುತ್ತೇನೆ,
ಹುಬ್ಬಿನ ಕೂದಲನ್ನೂ ಎಣಿಸಬಹುದು, ಅನ್ನುತ್ತೇನೆ.
ಈ ಮಾತಿಗೆ ಕಂಪನಿ ಕೊಡುವ ಕಮಿಷನ್ನು ಬೇರೆ.

ಗಿರಾಕಿಗಳು ಒಳ್ಳೆಯವರು.
ಎರಡು ಕೈಯಲ್ಲಿ ಎರಡು ಫೋನು ಹಿಡಿದು, ಹುಬ್ಬು ಗಂಟಿಕ್ಕಿ,
ಹೌದೌದು ಎನ್ನುತ್ತಾರೆ.
ಯಾವುದರಲ್ಲಿ ಎಂದು ಕೇಳಿದರೆ
ದುಬಾರಿಯದು ಯಾವುದೆಂದು ನನ್ನ ಮುಖದಲ್ಲಿ ಹುಡುಕುತ್ತಾರೆ.

ಫೆಬ್ರವರಿಯ ಒಂದು ಬೆಳಗ್ಗೆ ಛೊನ್ ಗಿಲ್‌ಸಿಕ್ ಬಂದರು.
ಚಿಪ್ಪಿನ ಕುಸುರಿಯವರು; ಐವತ್ತು ವರ್ಷ
ಮುತ್ತಿನ ಚಿಪ್ಪನ್ನು ದಾರದಷ್ಟು ಸಣ್ಣಗೆ ಸೀಳಿ,
ಅಂಟನ್ನು ನಾಲಿಗೆಯಲ್ಲಿ ನೆನೆಸಿ,
ಕರಿ ಅರಗಿನ ಪೆಟ್ಟಿಗೆಯ ಮೇಲೆ ಚಾಕುವಿನ ಮೊನೆಯಿಂದ
ಒತ್ತಿ, ಕತ್ತರಿಸಿ, ಒತ್ತಿ, ಕತ್ತರಿಸಿ
ಆಮೆ ಬೆನ್ನಿನ ಚಿತ್ತಾರ ಕೂರಿಸಿದವರು.
ಒಡೆದ ಫೋನನ್ನು ಮೇಜಿನ ಮೇಲಿಟ್ಟು "ಒಂದು ಕೊಡಮ್ಮ" ಎಂದರು.

ನನಗೆ ಆಸೆ ಹುಟ್ಟಿತು. ಮಾರುವ ಆಸೆಯಲ್ಲ.
ಈ ಊರಲ್ಲಿ ಯಾರಿಗಾದರೂ ಕಂಡರೆ ಇವರಿಗೇ ಕಾಣಬೇಕು.
ಎರಡು ಫೋನಿನ ಬೆನ್ನಿಗೂ ಕಾಗದ ಅಂಟಿಸಿ, ಒಂದೇ ಚಿತ್ರ ಹಾಕಿ
ಮುಂದಿಟ್ಟೆ. ಪರೀಕ್ಷೆಯ ಮೇಷ್ಟರಂತೆ ಕೈಕಟ್ಟಿ ನಿಂತೆ.

ಕೈಯಳತೆ ದೂರದಲ್ಲಿ ನೋಡಿದರು. ಅರ್ಧ ಕೈ. ಮೂಗಿನ ತುದಿ.
ಆಮೇಲೆ ಜೇಬಿನಿಂದ ಭೂತಗನ್ನಡಿ ತೆಗೆದು
ಬಗ್ಗಿದರು, ಬಗ್ಗಿಯೇ ಇದ್ದರು,
ಹೀಟರಿನ ಮೇಲಿನ ಬಾರ್ಲಿ ನೀರು ಕುದಿದು ಅರ್ಧಕ್ಕಿಳಿಯುವ ತನಕ.
"ಹಸಿರು ಜಾಸ್ತಿ" ಎಂದರು.
"ಎರಡರಲ್ಲೂ. ಒಂದು ಕೆಂಪಿಗೆ ಎರಡು ಹಸಿರು.
ನಾವು ಬಿಳಿ ಅಂದುಕೊಂಡದ್ದು ಎಲ್ಲೂ ಇಲ್ಲ."

"ಯಾವುದರದು ನಾಜೂಕು ಕೆಲಸ?"
"ಎಡಗಡೆಯದು. ಬಲು ಚೆಂದ ಮಾಡಿದ್ದಾರೆ."
ಕನ್ನಡಿ ಒರೆಸಿ ಮತ್ತೆ ಜೇಬಿಗೆ ಹಾಕಿದರು.
"ಬರಿಗಣ್ಣಿಗೆ ಎರಡೂ ಒಂದೇ. ಬಲಗಡೆಯದು ಕೊಡು."

ಬಿಲ್ಲು ಬರೆಯುವಾಗ, ನಾನು ಕೇಳದೆಯೇ, ಹೇಳಿದರು:
ಅರವತ್ತೆರಡಕ್ಕೆ ಕಣ್ಣು ಮಂಜಾಗತೊಡಗಿ
ಚಿಪ್ಪಿನ ಎಳೆಯನ್ನು ಒಂದು ಕೂದಲು ದಪ್ಪ ಮಾಡಿದರಂತೆ.
ಕೊಂಡವರಾರಿಗೂ ತಿಳಿಯಲಿಲ್ಲ. ಸಿಯೋಲ್‌ನ ಅಂಗಡಿಯವನಿಗೂ,
ಬಹುಮಾನ ಕೊಟ್ಟ ಸಮಿತಿಗೂ.
ಹೆಂಡತಿ ಮಾತ್ರ, ಬಟ್ಟೆಯಿಂದ ಪೆಟ್ಟಿಗೆ ಉಜ್ಜುತ್ತಿದ್ದವಳು,
ನೋಡಲೂ ಇಲ್ಲ, ಹೆಬ್ಬೆರಳು ಆಡಿಸಿ ಅಂದಳಂತೆ:
ಇದು ನಿನ್ನದಲ್ಲ.

"ಆಮೇಲೆ?"
"ಆಮೇಲೇನು. ಅದೇ ಬೆಲೆಗೆ ಮಾರಿದೆ."
ನಗಲಿಲ್ಲ. ಚಿಲ್ಲರೆ ಎಣಿಸಿಕೊಂಡು ಹೋದರು.

ಅವತ್ತು ಸಂಜೆ ಬಸ್ಸಿನಲ್ಲಿ ನನ್ನ ಫೋನಿನ ಸೆಟ್ಟಿಂಗು ತೆಗೆದೆ.
ಎಡಗಡೆಯದರದೇ ಜಾತಿ, ಎಡಗಡೆಯದರದೇ ಬೆಲೆ,
ಸಂಬಳದಲ್ಲಿ ಇನ್ನೂ ಕಂತು ಹಿಡಿಯುತ್ತಾರೆ.
ಬ್ಯಾಟರಿ ಉಳಿಯಲೆಂದು ಕಾರ್ಖಾನೆಯಲ್ಲೇ ಯಾರೋ
ಕಡಿಮೆಗೆ ಇಟ್ಟು ಕಳಿಸಿದ್ದರು.
ಹದಿನಾಲ್ಕು ತಿಂಗಳು ನಾನು ನೋಡಿದ್ದು
ಬಲಗಡೆಯ ಫೋನನ್ನು.

ಹೆಚ್ಚಿಗೆ ತಿರುಗಿಸಿದೆ. ತಂಗಿಯ ಮಗುವಿನ ಫೋಟೋ ತೆರೆದೆ.
ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡಿದೆ: ಅದೇ ಮಗು,
ಗಲ್ಲಕ್ಕೆ ಅಂಟಿದ ಅದೇ ಅನ್ನದ ಅಗುಳು.
ಹೆಬ್ಬೆರಳು ಆಡಿಸಿದೆ. ಗಾಜು.
ಕೆನ್ನೆ ಸರಿದು ಮುಂದಿನ ಚಿತ್ರ ಬಂತು, ಯಾವುದೋ ಕರೆಂಟು ಬಿಲ್ಲಿನದು.

ಮತ್ತೆ ಇಳಿಸಬೇಕಿತ್ತು. ಸೇತುವೆ ಬಂತು, ಬಸ್ಸು ತಿರುಗಿತು, ಮರೆತೆ.
ಈಗ ಮಧ್ಯಾಹ್ನ ಮೂರಕ್ಕೇ ಚಾರ್ಜಿಗೆ ಹಾಕುತ್ತೇನೆ.
ಗಿರಾಕಿ ಬಂದರೆ, ಒಂದೂಮುಕ್ಕಾಲು ಪಟ್ಟು; ಮಾತು ಅದೇ.
ಒಂದು ಭೂತಗನ್ನಡಿ ಕೊಂಡು
ಕ್ಯಾಲ್ಕುಲೇಟರಿನ ಪಕ್ಕ ಇಟ್ಟಿದ್ದೇನೆ.
ಮೊನ್ನೆ ಒಬ್ಬ ಹುಡುಗ ಅದನ್ನೆತ್ತಿ, ಫೋನು ಬಿಟ್ಟು,
ತನ್ನ ಉಗುರು ನೋಡಿಕೊಂಡ.